ಕಾರ್ಬನ್ ಸೈಕಲ್ಲಿಗೆ ತುಕ್ಕು ಹಿಡಿಯೋದಿಲ್ಲ, ಆದರೆ ಚಕ್ರ? ಕಡಲ ಊರಿನವರಿಗೊಂದು ಎಂಟಿಬಿ ಪಾಠ

ಈ ಸಂಚಿಕೆಯ ಬರಹ ರೂಪ ಇಲ್ಲಿದೆ. ಕೇಳುತ್ತಾ ಓದಬಹುದು, ಓದಿಯೂ ಕೇಳಬಹುದು.

  

ಇವತ್ತು ಸೈಕಲ್ ಮಾತು. ಶಾಲೆಗೆ ಹೋಗುವ ಸೈಕಲ್ ಅಲ್ಲ. ಮುಂದೆ ಹಿಂದೆ ಎರಡೂ ಕಡೆ ಸಸ್ಪೆನ್ಷನ್ ಇರುವ, ಕಾರ್ಬನ್ ಫ್ರೇಮಿನ ಮೌಂಟೇನ್ ಬೈಕ್. ಫ್ರೇಮ್ ಒಂದು ಕಡೆ, ಫೋರ್ಕ್ ಇನ್ನೊಂದು ಕಡೆ, ಚಕ್ರ ಮತ್ತೊಂದು ಕಡೆ ತಗೊಂಡು ನಾವೇ ಜೋಡಿಸುವ ಹುಚ್ಚು ಈಗ ನಮ್ಮ ಕಡೆಗೂ ಬಂದಿದೆ. ವರ್ಷಗಟ್ಟಲೆ ಉಳಿಸಿದ ದುಡ್ಡು ಅದು. ಹಾಗಾಗಿ ಒಂದು ನಷ್ಟದ ಕಥೆಯಿಂದಲೇ ಶುರು ಮಾಡ್ತೇನೆ. ನನ್ನದೇ ಕಥೆ.

ಮಳೆಗಾಲ ಮುಗಿದಿತ್ತು. ನಾಲ್ಕು ತಿಂಗಳು ಚಾವಡಿಯಲ್ಲಿ ನೇತು ಹಾಕಿದ್ದ ಸೈಕಲ್ ಇಳಿಸಿದೆ. ಫ್ರೇಮ್ ಹೊಸದರ ಹಾಗೇ ಉಂಟು. ಗಾಳಿ ತುಂಬಿಸಿ ಹೊರಟೆ. ಮನೆಯೆದುರಿನ ಇಳಿಜಾರು ಇಳಿಯುವಷ್ಟರಲ್ಲಿ ಹಿಂದಿನ ಚಕ್ರದಿಂದ 'ಟಿಕ್' ಅಂತ ಸದ್ದು. ಇನ್ನೊಮ್ಮೆ 'ಟಿಕ್'. ಇಳಿದು ನೋಡಿದರೆ ಎರಡು ಕಡ್ಡಿ ಸಡಿಲಾಗಿ ಅಲ್ಲಾಡ್ತಾ ಇವೆ. ಕಡ್ಡಿ ತುಂಡಾಗಿರಲಿಲ್ಲ. ಕಡ್ಡಿಯನ್ನು ರಿಮ್ಮಿಗೆ ಹಿಡಿದಿಡುವ ಪುಟ್ಟ ನಟ್ಟು ಉಂಟಲ್ಲ, ನಿಪ್ಪಲ್, ಅದರ ತಲೆಯೇ ಕಳಚಿ ಹೋಗಿತ್ತು. ಉಳಿದ ಭಾಗವನ್ನು ಉಗುರಿನಲ್ಲಿ ಕೆರೆದರೆ ಬಿಳಿ ಪುಡಿ ಉದುರಿತು.

ಊರಿನ ಹಳೇ ಸೈಕಲ್ ಅಂಗಡಿಗೆ ಹೊತ್ತುಕೊಂಡು ಹೋದೆ. ಅಲ್ಲಿಯ ಅಣ್ಣ ಅದುವರೆಗೆ ಕಾರ್ಬನ್ ಸೈಕಲ್ ಮುಟ್ಟಿದವರಲ್ಲ. ಆದರೆ ಪುಡಿ ನೋಡಿದ ಕೂಡಲೇ ಕೇಳಿದರು: "ಉಪ್ಪ್ ಹಾಕಿಟ್ರೆ ಅಲ್ಯೂಮಿನಿಯಂ ಪಾತ್ರಿ ಉಳಿತ್ತಾ ಮಾಣಿ?"

ಇಡೀ ಸಂಚಿಕೆ ಆ ಒಂದು ಪ್ರಶ್ನೆಯಲ್ಲೇ ಉಂಟು.

ಟಾರ್ಚ್ ಸೆಲ್ಲಿನ ಪಾಠ

ಸಣ್ಣವರಿದ್ದಾಗ ಟಾರ್ಚಿನ ಹಳೇ ಸೆಲ್ ಒಡೆದು ನೋಡಿದ್ದೀರಾ? ನಡುವೆ ಕಪ್ಪು ಕಡ್ಡಿ, ಅದು ಕಾರ್ಬನ್. ಹೊರಗಿನ ಡಬ್ಬಿ ಸತು, ಅಂದರೆ ಝಿಂಕ್. ಎರಡರ ನಡುವೆ ಒದ್ದೆ ಪೇಸ್ಟ್. ಸೆಲ್ ಕೆಲಸ ಮಾಡಿದಷ್ಟೂ ಸತುವಿನ ಡಬ್ಬಿ ಸವೆಯುತ್ತದೆ. ಕಾರ್ಬನ್ ಕಡ್ಡಿ ಮಾತ್ರ ಹಾಗೇ ಇರುತ್ತದೆ.

ಈಗ ಆ ಸತುವಿನ ಜಾಗದಲ್ಲಿ ಅಲ್ಯೂಮಿನಿಯಂ ಇಡಿ, ಪೇಸ್ಟಿನ ಜಾಗದಲ್ಲಿ ಉಪ್ಪು ನೀರು. ಕಾರ್ಬನ್ ಫೈಬರ್ ವಿದ್ಯುತ್ ಹರಿಯಬಿಡುವ ವಸ್ತು. ಅದಕ್ಕೆ ಅಲ್ಯೂಮಿನಿಯಂ ತಾಗಿಕೊಂಡು, ನಡುವೆ ಉಪ್ಪಿನ ತೇವ ನಿಂತರೆ ಅಲ್ಲೊಂದು ಪುಟ್ಟ ಸೆಲ್ ತಯಾರಾಯಿತು ಅಂತ ಲೆಕ್ಕ. ಟಾರ್ಚ್ ಉರಿಯೋದಿಲ್ಲ, ಅಲ್ಯೂಮಿನಿಯಂ ಮಾತ್ರ ಕರಗ್ತಾ ಹೋಗ್ತದೆ. ಇದಕ್ಕೆ ಗ್ಯಾಲ್ವಾನಿಕ್ ಸವೆತ ಅಂತ ಹೆಸರು.

ಗಂಗೊಳ್ಳಿ, ಮಲ್ಪೆಯ ಬಂದರಿನವರಿಗೆ ಇದು ಹೊಸತಲ್ಲ. ಸ್ಟೀಲ್ ಬೋಟಿನ ಅಡಿಗೆ ಸತುವಿನ ತುಂಡು ಕಟ್ಟುವುದು ಇದೇ ಕಾರಣಕ್ಕೆ. ಸಮುದ್ರದ ನೀರು ಯಾವುದಾದರೂ ಒಂದು ಲೋಹವನ್ನು ತಿಂದೇ ತಿನ್ನುತ್ತದೆ. ಹಾಗಾದರೆ ಸತುವನ್ನೇ ತಿನ್ನಲಿ, ಬೋಟು ಉಳಿಯಲಿ ಅಂತ.

ಕಾರ್ಬನ್ ರಿಮ್ಮಿನಲ್ಲಿ ಆಗುವುದು ಇನ್ನೂ ಜೋರು. ರಿಮ್ ದೊಡ್ಡದು, ನಿಪ್ಪಲ್ ಚಿಕ್ಕದು. ಊಟಕ್ಕೆ ಕೂತವರು ನೂರು ಜನ, ಅನ್ನ ಒಂದೇ ಸೇರು ಅಂದ ಹಾಗೆ. ಅದಕ್ಕೇ ಅಷ್ಟು ಬೇಗ ಖಾಲಿ.

"ನಾನು ಬೀಚಿಗೆ ಸೈಕಲ್ ತಗೊಂಡು ಹೋಗೋದೇ ಇಲ್ಲ" ಅಂತೀರಾ? ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಅಲ್ಲಿ ರಸ್ತೆ ಮೇಲೆ ಹೋದರೂ ಗಾಳಿಯಲ್ಲಿ ಬರುವ ಉಪ್ಪು ಮೈಗೆ ಅಂಟುತ್ತದೆ. ಕಡಲ ಬದಿಯ ಮನೆಯ ಕಿಟಕಿ ಸರಳು ಒಮ್ಮೆ ನೋಡಿ, ಅದು ಯಾವ ಬೀಚಿಗೆ ಹೋಗಿತ್ತು? ಮೇಲಿಂದ ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಉಪ್ಪೂ ಉಂಟು, ತೇವವೂ ಉಂಟು. ಸೆಲ್ಲಿಗೆ ಮತ್ತೆಂತ ಬೇಕು?

ಚಕ್ರ ಫ್ರೇಮಿಗೆ ಕೂರಬೇಕಲ್ಲ

ಹಾಗಾದರೆ ಚಕ್ರ ಆರಿಸುವುದು ಹೇಗೆ? ಮೊದಲು ಅಳತೆ. ಇಲ್ಲಿ ತಪ್ಪಿದರೆ ದುಡ್ಡು ಹೋಯಿತು ಅಂತಲೇ.

ಒಂದು, ಗಾತ್ರ. ಈಗ ಹೆಚ್ಚಿನ ಫ್ರೇಮ್‌ಗಳು 29 ಇಂಚಿನವು. ಟೈರ್ ಕೂರುವ ಜಾಗದಲ್ಲಿ ರಿಮ್ಮಿನ ವ್ಯಾಸ 622 ಮಿಲಿಮೀಟರ್. 27.5 ಇಂಚಾದರೆ 584. ಕೆಲವು ಫ್ರೇಮ್‌ಗಳಿಗೆ ಮುಂದೆ 29, ಹಿಂದೆ 27.5 ಇರುತ್ತದೆ. ಅದನ್ನು 'ಮಲೆಟ್' ಅಂತಾರೆ.

ಎರಡು, ಹಬ್ಬಿನ ಅಗಲ. 2015ರ ಆಸುಪಾಸಿನಿಂದ 'ಬೂಸ್ಟ್' ಅಳತೆ ಬಂತು. ಮುಂದೆ 110 ಮಿಲಿಮೀಟರ್ ಅಗಲಕ್ಕೆ 15ರ ಆಕ್ಸಲ್, ಹಿಂದೆ 148ಕ್ಕೆ 12ರ ಆಕ್ಸಲ್. ಅದಕ್ಕಿಂತ ಹಳೇ ಫ್ರೇಮ್ ಆದರೆ ಹಿಂದೆ 142 ಇರಬಹುದು. ಸೆಕೆಂಡ್ ಹ್ಯಾಂಡ್ ಫ್ರೇಮ್ ಒಬ್ಬರಿಂದ, ಚಕ್ರ ಇನ್ನೊಬ್ಬರಿಂದ ತಗೊಳ್ಳುವವರು ಬೀಳುವ ಗುಂಡಿ ಇದೇ. ಬರೀ 6 ಮಿಲಿಮೀಟರ್ ವ್ಯತ್ಯಾಸ, ಆದರೆ ಚಕ್ರ ಸರಿಯಾಗಿ ಕೂರೋದಿಲ್ಲ.

ಮೂರು, ಕ್ಯಾಸೆಟ್ ಕೂರುವ ಫ್ರೀಹಬ್. ಶಿಮಾನೋ 12 ಸ್ಪೀಡಿನ ಎಂಟಿಬಿ ಕ್ಯಾಸೆಟ್ಟಿಗೆ 'ಮೈಕ್ರೋ ಸ್ಪ್ಲೈನ್'. ಸ್ರಾಮ್‌ನ 10 ಹಲ್ಲಿನಿಂದ ಶುರುವಾಗುವ ಕ್ಯಾಸೆಟ್ಟಿಗೆ 'ಎಕ್ಸ್‌ಡಿ'. 11 ಹಲ್ಲಿನಿಂದ ಶುರುವಾಗುವ ಹೆಚ್ಚಿನವಕ್ಕೆ ಹಳೇ 'ಎಚ್‌ಜಿ'. ಮೊದಲು ಕ್ಯಾಸೆಟ್ ಯಾವುದು ಅಂತ ನಿಶ್ಚಯ ಮಾಡಿ, ಆಮೇಲೆ ಹಬ್.

ನಾಲ್ಕು, ಬ್ರೇಕ್ ಡಿಸ್ಕ್. ಆರು ಬೋಲ್ಟಿನದೋ, ಸೆಂಟರ್‌ಲಾಕೋ? ಸೆಂಟರ್‌ಲಾಕ್ ಹಬ್ಬಿಗೆ ಅಡಾಪ್ಟರ್ ಹಾಕಿ ಆರು ಬೋಲ್ಟಿನ ಡಿಸ್ಕ್ ಕೂರಿಸಬಹುದು. ಉಲ್ಟಾ ಆಗೋದಿಲ್ಲ.

ಈ ನಾಲ್ಕನ್ನು ಮೊಬೈಲಿನ ನೋಟ್ಸಿನಲ್ಲಿ ಬರೆದಿಟ್ಟುಕೊಳ್ಳಿ. ಮಾರುವವರಿಗೆ ಅದನ್ನೇ ಕಳಿಸಿ, "ಹೌದು, ಕೂರ್ತದೆ" ಅಂತ ಉತ್ತರ ಬಂದ ಮೇಲೆ ದುಡ್ಡು ಹಾಕಿ.

ಕಡಲ ಊರಿಗೆ ಯಾವ ಸಾಮಾನು?

ಈಗ ನಮ್ಮ ಊರಿನ ಲೆಕ್ಕ.

ನಿಪ್ಪಲ್ ಹಿತ್ತಾಳೆಯದೇ ಇರಲಿ. ಕಾರ್ಬನ್ ಪಕ್ಕದಲ್ಲಿ ಹಿತ್ತಾಳೆ ಅಲ್ಯೂಮಿನಿಯಮ್ಮಿನಷ್ಟು ಬೇಗ ಸೋಲೋದಿಲ್ಲ. "ತೂಕ ಜಾಸ್ತಿ ಅಲ್ವಾ?" ಅಂತ ಕೇಳ್ತಾರೆ. ಲೆಕ್ಕ ಹಾಕುವ. 32 ಕಡ್ಡಿಯ ಎರಡು ಚಕ್ರಕ್ಕೆ 64 ನಿಪ್ಪಲ್. ಹಿತ್ತಾಳೆಯದು ಒಂದಕ್ಕೆ ಸುಮಾರು 1 ಗ್ರಾಂ, ಅಲ್ಯೂಮಿನಿಯಮ್ಮಿನದು ಅದರ ಮೂರನೇ ಒಂದು ಭಾಗ. ಒಟ್ಟು ವ್ಯತ್ಯಾಸ 40 ಗ್ರಾಂ ಆಸುಪಾಸು. ಎರಡು ಗುಟುಕು ನೀರು ಕುಡಿದರೆ ಬಾಟಲಿಯಿಂದ ಅಷ್ಟು ಇಳಿಯುತ್ತದೆ. ತಯಾರಾದ ಚಕ್ರ ತಗೊಳ್ಳುವಾಗ ನಿಪ್ಪಲ್ ಯಾವುದು ಅಂತ ಹೆಚ್ಚಿನವರು ಕೇಳೋದೇ ಇಲ್ಲ. ನೀವು ಕೇಳಿ. ಬಣ್ಣ ನೋಡಿ ಮೋಸ ಹೋಗಬೇಡಿ, ಹಿತ್ತಾಳೆಗೂ ಬೆಳ್ಳಿ ಬಣ್ಣದ, ಕಪ್ಪು ಬಣ್ಣದ ಲೇಪ ಇರುತ್ತದೆ.

ರಿಮ್ ವಿಷಯ. ಫ್ರೇಮ್ ಕಾರ್ಬನ್ ಅಂದ ಮಾತ್ರಕ್ಕೆ ರಿಮ್ಮೂ ಕಾರ್ಬನ್ ಆಗಬೇಕು ಅಂತೇನಿಲ್ಲ. ಕಾರ್ಬನ್ ರಿಮ್ ಹಗುರ, ಬಿಗಿ, ಅದು ನಿಜ. ಆದರೆ ಕಲ್ಲಿಗೆ ಹೊಡೆದರೆ ಅಲ್ಯೂಮಿನಿಯಂ ರಿಮ್ ಹೆಚ್ಚಾಗಿ ತಗ್ಗುತ್ತದೆ, ಕಾರ್ಬನ್ ರಿಮ್ ಒಡೆಯುತ್ತದೆ. ತಗ್ಗಿದ ರಿಮ್ಮಿನಲ್ಲಿ ನಿಧಾನಕ್ಕೆ ಮನೆಗೆ ಬರಬಹುದು. ಮತ್ತೆ, ಅಲ್ಯೂಮಿನಿಯಂ ರಿಮ್ಮಿಗೆ ಹಿತ್ತಾಳೆ ನಿಪ್ಪಲ್ ಹಾಕಿದರೆ ಸವೆತದ ಲೆಕ್ಕ ತಿರುಗಿ ಬೀಳ್ತದೆ. ತಿನ್ನುವವ ಚಿಕ್ಕವ, ಅನ್ನದ ರಾಶಿ ದೊಡ್ಡದು. ಸವೆತ ಇಲ್ಲ ಅಂತಲ್ಲ, ನಿಧಾನ. ಮೊದಲ ಸಲ ಕಟ್ಟುವವರಿಗೆ ನನ್ನ ಸಲಹೆ: ಒಳಗಿನ ಅಗಲ 30 ಮಿಲಿಮೀಟರ್ ಇರುವ ಒಳ್ಳೆಯ ಅಲ್ಯೂಮಿನಿಯಂ ರಿಮ್, ಅದಕ್ಕೆ 2.4 ಇಂಚಿನ ಟೈರ್.

ಕಡ್ಡಿ ಸ್ಟೇನ್‌ಲೆಸ್ ಸ್ಟೀಲಿನದು, ತುದಿ ಬಗ್ಗಿದ 'ಜೆ ಬೆಂಡ್'. ಹಿಂದಿನ ಚಕ್ರಕ್ಕೆ 32. ಊರಿನ ಅಂಗಡಿಯಲ್ಲಿ ನಿಮ್ಮ ಅಳತೆಯ ಕಡ್ಡಿ ಸಿಗೋದು ಕಷ್ಟ. ಎಡಕ್ಕೂ ಬಲಕ್ಕೂ, ಮುಂದಕ್ಕೂ ಹಿಂದಕ್ಕೂ ಉದ್ದ ಬೇರೆ ಬೇರೆ ಇರಬಹುದು. ಚಕ್ರ ತಗೊಳ್ಳುವಾಗಲೇ ಪ್ರತಿ ಉದ್ದದ್ದೂ ಎರಡೆರಡು ಕಡ್ಡಿ, ನಿಪ್ಪಲ್ ಸಮೇತ ತಗೊಂಡಿಡಿ.

ಹಬ್ಬಿಗೆ ಸೀಲ್ಡ್ ಬೇರಿಂಗ್. ಇದರಲ್ಲೊಂದು ಲಾಭ ಉಂಟು. ಅನೇಕ ಹಬ್‌ಗಳಲ್ಲಿ 6902ರಂಥ ಸಾಮಾನ್ಯ ನಂಬರಿನ ಬೇರಿಂಗ್ ಇರುತ್ತದೆ. ಅದು ಸೈಕಲ್ಲಿಗೆ ಮಾತ್ರ ಅಂತ ಮಾಡಿದ್ದಲ್ಲ. ಪಂಪು, ಮೋಟರಿಗೆ ಬೇರಿಂಗ್ ಮಾರುವ ಅಂಗಡಿಯಲ್ಲಿ ನಂಬರ್ ಹೇಳಿ ಕೇಳಿ ನೋಡಿ. ಹಿಂದಿನ ಸಸ್ಪೆನ್ಷನ್ನಿನ ಕೀಲುಗಳಲ್ಲೂ ಇಂಥವೇ ಬೇರಿಂಗ್. ಮಳೆಗಾಲ ಮುಗಿದ ಮೇಲೆ ಬಿಚ್ಚಿ ನೋಡಲೇಬೇಕಾದ ಜಾಗ ಅದು.

ಮುರಕಲ್ಲು, ಹಾವಸೆ ಮತ್ತು ಟೈರ್

ಒತ್ತಿನೆಣೆ ಗುಡ್ಡದ ಕಡೆ ಹೋದವರಿಗೆ ಗೊತ್ತು, ಬೇಸಿಗೆಯಲ್ಲಿ ಗಟ್ಟಿ ಮುರಕಲ್ಲಿನ ಮೇಲೆ ಸಣ್ಣ ಹರಳು ಉರುಳುತ್ತದೆ. ಅಂಚು ಚೂಪು, ಟೈರಿನ ಪಕ್ಕವನ್ನೇ ಸೀಳ್ತದೆ. ಹಾಗಾಗಿ ಹಿಂದಿನ ಟೈರ್ ಪಕ್ಕ ದಪ್ಪ ಇರುವಂಥದ್ದು ಆರಿಸಿ. ಮಳೆಗಾಲದಲ್ಲಿ ಅದೇ ಕಲ್ಲಿಗೆ ಹಾವಸೆ ಕಟ್ಟುತ್ತದೆ. ಮುಂದಿನ ಟೈರಿಗೆ ಮೆದು ರಬ್ಬರ್ ಇದ್ದರೆ ಸ್ವಲ್ಪ ಹಿಡಿತ. ಆದರೆ ಹಾವಸೆ ಮೇಲೆ ಬ್ರೇಕ್ ಹಿಡಿದರೆ ಯಾವ ಟೈರೂ ಕಾಪಾಡೋದಿಲ್ಲ ಮಾರಾಯ್ರೆ. ಇಳಿದು ನಡೆಯಿರಿ.

ಟ್ಯೂಬ್‌ಲೆಸ್ ಮಾಡಿದರೆ 70 ಕಿಲೋ ತೂಕದವರು ಮುಂದೆ 22-24, ಹಿಂದೆ 25-27 ಪಿಎಸ್ಐಯಿಂದ ಶುರು ಮಾಡಿ, ಬೇಕಾದ ಹಾಗೆ ಹೊಂದಿಸಿಕೊಳ್ಳಬಹುದು. ಒಳಗಿನ ಸೀಲಂಟ್ ನಮ್ಮ ಸೆಕೆಗೆ ಎರಡು ಮೂರು ತಿಂಗಳಲ್ಲಿ ಒಣಗ್ತದೆ, ನೋಡ್ತಾ ಇರಿ. ಅಮೋನಿಯಾ ಇಲ್ಲದ ಸೀಲಂಟ್ ಒಳ್ಳೆಯದು. ಟೇಪ್ ಬಿಟ್ಟು ಒಳಗೆ ಸೋರಿದರೆ ಅಮೋನಿಯಾ ಕೂಡ ಅಲ್ಯೂಮಿನಿಯಂ ನಿಪ್ಪಲನ್ನು ತಿನ್ನುತ್ತದೆ.

ಕೊಲ್ಲೂರು, ಕೊಡಚಾದ್ರಿ ಕಡೆಯ ಕನಸು ಇದ್ದವರಿಗೆ ಒಂದು ಮಾತು. ಅಲ್ಲಿ ಮೂಕಾಂಬಿಕಾ ವನ್ಯಜೀವಿ ಅಭಯಾರಣ್ಯ ಉಂಟು. ಅರಣ್ಯ ಇಲಾಖೆಯ ಅನುಮತಿ ಕೇಳದೆ ಕಾಡು ದಾರಿಗೆ ಚಕ್ರ ಇಳಿಸಬೇಡಿ.

ಜೋಡಿಸುವಾಗ, ಜೋಡಿಸಿದ ಮೇಲೆ

ಜೋಡಿಸುವಾಗ ಟಾರ್ಕ್ ವ್ರೆಂಚ್ ಬೇಕೇ ಬೇಕು. ಕಾರ್ಬನ್ ಹ್ಯಾಂಡಲ್ ಹಿಡಿಯುವ ಬೋಲ್ಟ್ ಹೆಚ್ಚಾಗಿ 5 ನ್ಯೂಟನ್ ಮೀಟರ್. ಭಾಗದ ಮೇಲೆ ಎಷ್ಟು ಬರೆದಿದೆಯೋ ಅಷ್ಟೇ. "ಇನ್ನೊಂದು ಸುತ್ತು ಇರಲಿ" ಅಂತ ಬಿಗಿದರೆ ಕಾರ್ಬನ್ ಒಳಗೊಳಗೇ ಬಿರುಕು ಬಿಡಬಹುದು. ಸೀಟಿನ ಕಂಬ ಅಲ್ಯೂಮಿನಿಯಂ, ಫ್ರೇಮ್ ಕಾರ್ಬನ್. ಅಂದರೆ ಅಲ್ಲಿಯೂ ಅದೇ ಟಾರ್ಚ್ ಸೆಲ್. ಕಾರ್ಬನ್ ಪೇಸ್ಟ್ ಹಚ್ಚಿ ಕೂರಿಸಿ, ಎರಡು ಮೂರು ತಿಂಗಳಿಗೊಮ್ಮೆ ತೆಗೆದು ಒರೆಸಿ. ಬಿಟ್ಟರೆ ಕಚ್ಚಿಕೊಂಡು ಕೂರ್ತದೆ, ಆಮೇಲೆ ಎಳೆದರೂ ಬರೋದಿಲ್ಲ.

ಕಡಲ ಬದಿಗೆ ಹೋಗಿ ಬಂದ ದಿನ ಬಾವಿ ನೀರಿನಲ್ಲಿ ಮೆಲ್ಲ ತೊಳೆಯಿರಿ. ಪ್ರೆಶರ್ ವಾಷರ್ ಬೇಡ, ಅದು ಬೇರಿಂಗ್ ಒಳಗೇ ನೀರು ನುಗ್ಗಿಸ್ತದೆ. ರಿಮ್ಮಿನ ಒಳಗೆ ಹೋದ ನೀರು ಬೇಗ ಹೊರಗೆ ಬರೋದಿಲ್ಲ. ಚಕ್ರ ಅಲ್ಲಾಡಿಸಿದರೆ ಕುಲುಕುವ ಸದ್ದು ಬಂತಾ? ರಿಮ್ಮಿನ ಸಣ್ಣ ತೂತು ಕೆಳಗೆ ಬರುವ ಹಾಗೆ ನಿಲ್ಲಿಸಿ ಇಳಿಸಿ. ತಿರುಗಾಟ ಇಲ್ಲದ ಮಳೆಗಾಲದಲ್ಲೂ ತಿಂಗಳಿಗೊಮ್ಮೆ ಕಡ್ಡಿಗಳನ್ನು ಎರಡೆರಡಾಗಿ ಹಿಂಡಿ ನೋಡಿ. ನಿಪ್ಪಲ್ ಬುಡದಲ್ಲಿ ಬಿಳಿ ಪುಡಿ ಕಂಡರೆ ಘಟ್ಟ ಇಳಿಯುವ ಯೋಚನೆ ಬಿಡಿ, ಮೊದಲು ಚಕ್ರ ಬಿಚ್ಚಿಸಿ. ನನ್ನದು ಮನೆಯೆದುರಿನ ಇಳಿಜಾರಿನಲ್ಲಿ ಹೋಯಿತು. ಆಗುಂಬೆಯ ತಿರುವಿನಲ್ಲಿ ಹೋಗಿದ್ದರೆ ಈ ಸಂಚಿಕೆ ಬೇರೆಯವರು ಮಾಡಬೇಕಾಗ್ತಿತ್ತು.

ಆ ಅಣ್ಣ ಮತ್ತೆ ಎಂತ ಮಾಡಿದರು? ನಾನು ಹಿತ್ತಾಳೆ ನಿಪ್ಪಲ್ ತರಿಸಿ ಕೊಟ್ಟೆ. ಹಳೆಯದನ್ನೆಲ್ಲ ಬಿಚ್ಚಿ, ಒಂದೊಂದೇ ಹಾಕಿ, ಚಕ್ರ ತಿರುಗಿಸಿ ಬೆಂಡ್ ತೆಗೆದರು. ಕಾರ್ಬನ್ ಹೊಸತು, ಅವರ ಕೈಯ ವಿದ್ಯೆ ಹಳೆಯದು. ನಿಮ್ಮ ಊರಲ್ಲೂ ಹಾಗೆ ಬೆಂಡ್ ತೆಗೆಯುವವರು ಒಬ್ಬರಾದರೂ ಇರ್ತಾರೆ. ದೊಡ್ಡ ಸೈಕಲ್ ತಗೊಂಡ ಮೇಲೂ ಅವರ ಅಂಗಡಿಗೆ ಹೋಗಿ ಬರ್ತಾ ಇರಿ.

ನಿಮ್ಮ ಚಕ್ರದಲ್ಲಿರುವ ನಿಪ್ಪಲ್ ಯಾವುದು? ಈ ಸಂಚಿಕೆ ಮುಗಿದ ಕೂಡಲೇ ಹೋಗಿ ನೋಡಿ. ಮತ್ತೆ ಸಿಗುವ. ಬರ್ತೆ, ಅಕಾ?