ಓಲೆಯೊಳಗಿನ ಹೆಸರು

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯ ನಡುವಣ ಮಸ್ಕಿಯಲ್ಲಿ, ಚಿನ್ನದ ಗಣಿಯ ಎಂಜಿನಿಯರಾಗಿದ್ದ ಬೀಡನ್ ಎಂಬವರು 1915ರಲ್ಲಿ ಕಂಡ ಬಂಡೆಯ ಶಾಸನವು, ಅದುವರೆಗೆ ದೊರೆತಿದ್ದ ಧರ್ಮಲಿಪಿಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳ ಮರೆಯಲ್ಲಿಯೇ ಉಳಿದಿದ್ದ ಅರಸನನ್ನು ‘ಅಸೋಕ’ ಎಂದು ಹೆಸರು ಹಿಡಿದು ಕರೆಯಿತು. ದೇವಾನಾಂಪ್ರಿಯನೆಂಬ ಬಿರುದು ಸಿಂಹಳದ ತಿಸ್ಸನಿಗೂ ಇದ್ದುದರಿಂದ, ಮಾತು ಯಾರದೆಂಬ ಸಂಶಯಕ್ಕೆ ಎಡೆಯಿದ್ದೇ ಇದ್ದಿತು; ಹೆಸರೊಂದು ಸೇರಿದೊಡನೆ ಅದು ಹರಿಯಿತು.

ಗಣಕಜಾಲದ ಭದ್ರತೆಯನ್ನು ಕುರಿತ ಸಂಶೋಧನೆಯಲ್ಲಿಯೂ ಇಂಥದೇ ಒಂದು ಹೆಸರಿನ ಕೊರತೆ 17 ವರ್ಷ ವಿದ್ವಾಂಸರ ಕಣ್ಣಿಗೆ ಬೀಳದೆ ಉಳಿದಿತ್ತು. ಗುಟ್ಟನ್ನು ಕಾಯುವುದೇ ಭದ್ರತೆಯೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಎದುರಿಗಿರುವವನು ಯಾರೆಂದು ನಿಶ್ಚಯಿಸುವುದು ಅದಕ್ಕೂ ಮೊದಲಿನ, ನನ್ನ ಎಣಿಕೆಯಲ್ಲಿ ಅದಕ್ಕಿಂತ ಕಠಿನವಾದ ಕಾರ್ಯ. ಇದಕ್ಕಾಗಿ ರೋಜರ್ ನೀಡಮ್ ಮತ್ತು ಮೈಕೆಲ್ ಶ್ರೋಡರ್ 1978ರಲ್ಲಿ ಒಂದು ಪತ್ರವ್ಯವಹಾರದ ಕ್ರಮವನ್ನು ಸೂಚಿಸಿದರು. ಯಾರು ಬೇಕಾದರೂ ಓಲೆಯಿಟ್ಟು ಮುಚ್ಚಬಹುದಾದ, ಆದರೆ ಒಡೆಯನ ಕೀಲಿಯೊಂದರಿಂದಲೇ ತೆರೆಯುವ ಪೆಟ್ಟಿಗೆ ಪ್ರತಿಯೊಬ್ಬನಿಗೂ ಇದೆಯೆಂದು ಭಾವಿಸಿರಿ. ಸಿಂಧನೂರಿನ ಭತ್ತದ ವರ್ತಕನು ತನ್ನ ಹೆಸರನ್ನೂ ಒಂದು ಗುಪ್ತಸಂಖ್ಯೆಯನ್ನೂ ಲಿಂಗಸುಗೂರಿನವನ ಪೆಟ್ಟಿಗೆಯಲ್ಲಿಟ್ಟು ಕಳುಹಿದರೆ, ಅವನು ಆ ಸಂಖ್ಯೆಯೊಡನೆ ತನ್ನದೊಂದನ್ನು ಸೇರಿಸಿ ಸಿಂಧನೂರಿನವನ ಪೆಟ್ಟಿಗೆಯಲ್ಲಿ ಮರಳಿಸುವನು. ಆ ಎರಡನೆಯ ಸಂಖ್ಯೆಯು ತಿರುಗಿ ಬಂದಿತಾದರೆ, ಬರೆಯುತ್ತಿರುವವನು ಸಿಂಧನೂರಿನವನೇ ಎಂದು ಸಿದ್ಧ.

ನೀಡಮ್ಮರೇ ಇಬ್ಬರು ಸಂಗಡಿಗರೊಡನೆ 1989ರಲ್ಲಿ ಪ್ರಕಟಿಸಿದ ತರ್ಕಪದ್ಧತಿಯ ಒರೆಗಲ್ಲಿಗೆ ಇದನ್ನು ಹಚ್ಚಿ ನೋಡಿದಾಗಲೂ ಮೋಸದ ಸುಳಿವು ಸಿಕ್ಕಲಿಲ್ಲ. ಅದನ್ನು ಬಯಲಿಗೆ ತಂದವರು ಆಕ್ಸ್‌ಫರ್ಡಿನ ಗ್ಯಾವಿನ್ ಲೋ, 1995ರಲ್ಲಿ.

ವರ್ತಕನು ನಡುದಾರಿಯ ಮಸ್ಕಿಯ ದಲ್ಲಾಳಿಯೊಬ್ಬನಿಗೆ (ಮಸ್ಕಿಯವರು ಕ್ಷಮಿಸಬೇಕು, ಈ ಪಾತ್ರವನ್ನು ಅವರಿಗೆ ಕೊಟ್ಟುದು ಭೂಗೋಳ) ಸದ್ಭಾವದಿಂದ ಬರೆದನೆನ್ನಿ. ದಲ್ಲಾಳಿಯು ಅದನ್ನು ತೆರೆದು, ಅದೇ ಒಕ್ಕಣೆಯನ್ನು ಲಿಂಗಸುಗೂರಿನವನ ಪೆಟ್ಟಿಗೆಯಲ್ಲಿಟ್ಟು ವರ್ತಕನ ಹೆಸರಿನಲ್ಲಿಯೇ ಸಾಗಿಸುವನು. ಬಂದ ಉತ್ತರವು ವರ್ತಕನ ಪೆಟ್ಟಿಗೆಯಲ್ಲಿರುವುದರಿಂದ ಅದನ್ನು ಅವನು ತೆರೆಯಲಾರನು, ತೆರೆಯಬೇಕಾಗಿಯೂ ಇಲ್ಲ. ತನ್ನದೇ ಉತ್ತರವೆಂಬಂತೆ ಸಿಂಧನೂರಿಗೆ ದಾಟಿಸಿದರೆ, ವರ್ತಕನೇ ಅದನ್ನು ಬಿಚ್ಚಿ, ಎರಡನೆಯ ಸಂಖ್ಯೆಯನ್ನು ದಲ್ಲಾಳಿಯ ಪೆಟ್ಟಿಗೆಯಲ್ಲಿಟ್ಟು ಅವನ ಕೈಗೊಪ್ಪಿಸುವನು; ದಲ್ಲಾಳಿಯು ಅದನ್ನು ಲಿಂಗಸುಗೂರಿಗೆ ಮರಳಿಸುವನು. ಬೀಗವೊಂದೂ ಮುರಿಯಲಿಲ್ಲ; ಆದರೂ ಲಿಂಗಸುಗೂರಿನವನು ದಲ್ಲಾಳಿಯನ್ನೇ ವರ್ತಕನೆಂದು ನಂಬಿದನು. ಹೊರಗಿನ ಕಳ್ಳನಿಗಾಗಿ ಹೂಡಿದ ಕಾವಲು ಒಳಗಿನವನನ್ನು ತಡೆಯಲಿಲ್ಲ.

ಲೋ ಅವರ ತಿದ್ದುಪಡಿಯಾದರೋ ಒಂದೇ ಪದದ್ದು: ಉತ್ತರ ಕೊಡುವವನು ಸಂಖ್ಯೆಗಳೊಡನೆ ತನ್ನ ಹೆಸರನ್ನೂ ಪೆಟ್ಟಿಗೆಯೊಳಗಿಡತಕ್ಕದ್ದು. ಆಗ ಮಸ್ಕಿಗೆ ಬರೆದ ಓಲೆಗೆ ಲಿಂಗಸುಗೂರಿನವನ ಹೆಸರು ಹೊತ್ತ ಉತ್ತರ ಬಂದುದನ್ನು ಕಂಡು, ವರ್ತಕನು ಎರಡನೆಯ ಸಂಖ್ಯೆಯನ್ನು ತನ್ನಲ್ಲಿಯೇ ಉಳಿಸಿಕೊಳ್ಳುವನು.