ಹತ್ತು ಬೆರಳು, ಎಷ್ಟು ಚಕ್ರ?

ಮೊಮ್ಮಕ್ಕಳ ಕೈ ಹಿಡಿದು, ಬೆರಳ ತುದಿಯಲ್ಲಿ ಶಂಖವೆಷ್ಟು, ಚಕ್ರವೆಷ್ಟು ಎಂದು ಎಣಿಸುತ್ತಿದ್ದ ಅಜ್ಜಿಯಂದಿರು ನಮ್ಮಲ್ಲಿದ್ದರು. ಹತ್ತೂ ಬೆರಳಲ್ಲಿ ಚಕ್ರವಿದ್ದರೆ ಹುಡುಗ ರಾಜನಾಗುತ್ತಾನೆ ಎಂಬ ಮಾತಿತ್ತು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕಲ್ಕತ್ತೆಯ ಪೊಲೀಸ್ ಕಚೇರಿಯೊಂದರಲ್ಲೂ ಚಕ್ರಗಳ ಎಣಿಕೆ ನಡೆದಿತ್ತು. ಅಲ್ಲಿ ಹುಡುಕುತ್ತಿದ್ದುದು ರಾಜನನ್ನಲ್ಲ, ಕಳ್ಳನನ್ನು.

ಕಥೆಯ ಬೇರು ಬಂಗಾಳದ ಜಂಗೀಪುರದಲ್ಲಿದೆ. 1858ರಲ್ಲಿ ಅಲ್ಲಿನ ಅಧಿಕಾರಿ ವಿಲಿಯಂ ಹರ್ಷೆಲ್, ರಸ್ತೆ ಸಾಮಗ್ರಿಯ ಕರಾರಿಗೆ ರಾಜ್ಯಧರ್ ಕೋನಾಯ್ ಎಂಬ ಗುತ್ತಿಗೆದಾರನ ಅಂಗೈಯಚ್ಚನ್ನೇ ಒತ್ತಿಸಿಕೊಂಡ. ನಾಳೆ ‘ಇದು ನನ್ನ ಸಹಿಯಲ್ಲ’ ಎನ್ನಬಾರದಲ್ಲ! ಆಮೇಲೆ ವರ್ಷಗಟ್ಟಲೆ ಅಚ್ಚುಗಳನ್ನು ಕೂಡಿಟ್ಟು ನೋಡಿದ. ವಯಸ್ಸಾದರೂ ಗೆರೆ ಬದಲಾಗುವುದಿಲ್ಲ ಎಂಬುದು ಅವನಿಗೆ ಖಾತ್ರಿಯಾಯಿತು.

ಕೊಲೆಯ ಪ್ರಕರಣವೊಂದನ್ನು ಈ ಗೆರೆಗಳು ಮೊದಲು ಬಿಡಿಸಿದ್ದು ದೂರದ ಅರ್ಜೆಂಟೀನಾದಲ್ಲಿ. 1892ರಲ್ಲಿ ನೆಕೊಚೆಯಾ ಊರಿನ ಫ್ರಾನ್ಸಿಸ್ಕಾ ರೋಹಾಸ್, ತನ್ನಿಬ್ಬರು ಮಕ್ಕಳನ್ನು ಪರಿಚಿತನೊಬ್ಬ ಕೊಂದನೆಂದು ದೂರಿದಳು. ಬಾಗಿಲ ಮೇಲಿದ್ದ ರಕ್ತದ ಹೆಬ್ಬೆಟ್ಟು ಮಾತ್ರ ಆಕೆಯದೇ ಆಗಿತ್ತು. ಅದನ್ನು ತೋರಿಸಿದಾಗ ತಪ್ಪೊಪ್ಪಿಕೊಂಡಳು.

ಅನುಮಾನಿತರು ಒಬ್ಬಿಬ್ಬರಾದರೆ ಹೋಲಿಸುವುದು ಸುಲಭ. ಸಾವಿರಾರು ಕೈದಿಗಳ ಅಚ್ಚಿನ ನಡುವೆ ಒಂದನ್ನು ಹುಡುಕುವುದು ಹೇಗೆ? ಉತ್ತರ ಕೊಟ್ಟವರು ಬಂಗಾಳ ಪೊಲೀಸ್ ಮುಖ್ಯಸ್ಥ ಎಡ್ವರ್ಡ್ ಹೆನ್ರಿಯ ಕೈಕೆಳಗಿದ್ದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಪ್ರತಿ ಬೆರಳಿಗೂ ಒಂದೇ ಪ್ರಶ್ನೆ: ಚಕ್ರವಿದೆಯೇ, ಇಲ್ಲವೇ? ಎರಡನ್ನು ಹತ್ತು ಸಲ ಗುಣಿಸಿದರೆ 1024. ಅಷ್ಟು ಗೂಡುಗಳಲ್ಲಿ ಚೀಟಿಗಳನ್ನು ವಿಂಗಡಿಸಿಟ್ಟರೆ ಹುಡುಕಾಟ ಒಂದೇ ಗೂಡಿಗೆ ಇಳಿಯುತ್ತದೆ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ತೆರೆಯಿತು. ಪದ್ಧತಿಗೆ ಉಳಿದ ಹೆಸರು ಮಾತ್ರ ಹೆನ್ರಿಯದು.

ಹೆಚ್ಚು ತಡವಾಗದೆ ಅದಕ್ಕೆ ಪರೀಕ್ಷೆ ಎದುರಾಯಿತು. ಜಲಪಾಯಿಗುರಿ ಜಿಲ್ಲೆಯ ಚಹಾ ತೋಟದ ಮ್ಯಾನೇಜರ್ ಕತ್ತು ಕೊಯ್ದ ಸ್ಥಿತಿಯಲ್ಲಿ ಸಿಕ್ಕಿದ, ಹಣ ಕಳುವಾಗಿತ್ತು. ಅನುಮಾನ ಅಡುಗೆಯವನ ಮೇಲೂ ಬಿತ್ತು, ಅವನ ಬಟ್ಟೆಯಲ್ಲಿ ರಕ್ತವಿತ್ತು. ಅದು ಊಟಕ್ಕೆ ಕೊಯ್ದ ಪಾರಿವಾಳದ್ದು ಎಂದ. ಕೊನೆಗೆ ಕೈಹಿಡಿದದ್ದು ಸತ್ತವನ ಪೆಟ್ಟಿಗೆಯಲ್ಲಿದ್ದ ಬಂಗಾಳಿ ಪಂಚಾಂಗ. ಅದರ ಮೇಲಿನ ಕಂದು ಕಲೆಗಳಲ್ಲಿ ಒಂದು, ಬಲಗೈ ಹೆಬ್ಬೆರಳಿನ ಅಚ್ಚು. ಅದು ಕಾಂಗಾಲಿ ಚರಣ್ ಎಂಬವನ ಅಚ್ಚಿಗೆ ತಾಳೆಯಾಯಿತು. ಆತ ಅದೇ ಮ್ಯಾನೇಜರನ ಹಳೆಯ ಆಳು. ಅವನ ಮನೆಯಲ್ಲೇ ಕದ್ದು ಜೈಲು ಕಂಡಿದ್ದರಿಂದ ಅವನ ಅಚ್ಚು ಕಲ್ಕತ್ತೆಯ ಗೂಡಿನಲ್ಲಿತ್ತು.

ನ್ಯಾಯಾಲಯ ಕಳವಿನ ಅಪರಾಧವನ್ನು ಎತ್ತಿಹಿಡಿಯಿತು. ಕೊಲೆಗೆ ಮಾತ್ರ ಶಿಕ್ಷೆ ಕೊಡಲಿಲ್ಲ. ಕೊಂದದ್ದನ್ನು ಕಣ್ಣಾರೆ ಕಂಡವರಿರಲಿಲ್ಲ. ಇದನ್ನು ಬೆರಳಚ್ಚಿನ ಸೋಲು ಎನ್ನುವವರುಂಟು. ನನಗೆ ಹಾಗನ್ನಿಸುವುದಿಲ್ಲ. ಅಚ್ಚಿನ ಮೇಲೆ ತಾರೀಖು ಇರುವುದಿಲ್ಲ, ಉದ್ದೇಶವೂ ಇರುವುದಿಲ್ಲ. ಬಂದುಹೋಗುವವನ ಬೆರಳು ಬಾಗಿಲ ಹಿಡಿಯ ಮೇಲಿದ್ದರೆ ಅದೇನೂ ಹೇಳದು. ಬೀಗ ಹಾಕಿದ ಪೆಟ್ಟಿಗೆಯೊಳಗೆ ರಕ್ತದಲ್ಲಿದ್ದರೆ ಬಹಳಷ್ಟು ಹೇಳುತ್ತದೆ. ಉಳಿದದ್ದನ್ನು ತನಿಖೆಯೇ ಕೂಡಿಸಬೇಕು.

1899ರಲ್ಲಿ ಭಾರತೀಯ ಸಾಕ್ಷ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಬೆರಳಚ್ಚು ತಜ್ಞರ ಅಭಿಪ್ರಾಯವನ್ನೂ ನ್ಯಾಯಾಲಯ ಪರಿಗಣಿಸಬಹುದು ಎಂದಾಯಿತು. ಅಭಿಪ್ರಾಯ ತಜ್ಞರದು, ತೀರ್ಪು ಇಂದಿಗೂ ನ್ಯಾಯಾಧೀಶರದೇ.