ಮಾದರಿ ವಿಮಾನದ ರೆಕ್ಕೆಗೆ ಓರೆಗೊಯ್ದ ಬಾಲ್ಸಾ ತೊಲೆ

ಮಾದರಿ ವಿಮಾನದ ರೆಕ್ಕೆಯೊಳಗೆ ಬುಡದಿಂದ ತುದಿಯವರೆಗೆ ಹಾಯುವ ತೊಲೆಯನ್ನು ತುದಿಯತ್ತ ಕಿರಿದಾಗಿಸುವುದು ಕೇವಲ ಅಂದಕ್ಕಾಗಿಯಲ್ಲ. ರೆಕ್ಕೆಯನ್ನು ಎತ್ತುವ ಬಲವು ಉದ್ದಕ್ಕೂ ಸಮನಾಗಿ ಹರಡಿದೆಯೆಂದು ಭಾವಿಸಿದರೆ, ತೊಲೆಯನ್ನು ಬಾಗಿಸುವ ಪರಿಣಾಮವು ತುದಿಯಿಂದ ಅಳೆದ ದೂರದ ವರ್ಗವನ್ನು ಅನುಸರಿಸುತ್ತದೆ. ಅಂದರೆ ನಡುವೆ ಅದು ಬುಡದಲ್ಲಿರುವುದರ ನಾಲ್ಕನೆಯ ಒಂದು ಪಾಲು ಮಾತ್ರ. ತುದಿಯಲ್ಲಿ ಉಳಿಸಿದ ಹೆಚ್ಚಿನ ಮರವು ವ್ಯರ್ಥಭಾರವೇ ಸರಿ.

ಬಾಲ್ಸಾ ಮರದ ಸಾಂದ್ರತೆ ಹಲಗೆಯಿಂದ ಹಲಗೆಗೆ ಬಹಳವಾಗಿ ಬದಲಾಗುತ್ತದೆ. ಎಡಬಲ ತೊಲೆಗಳನ್ನು ಬೇರೆಬೇರೆ ಹಲಗೆಗಳಿಂದ ತೆಗೆದರೆ ಒಂದು ರೆಕ್ಕೆ ಇನ್ನೊಂದಕ್ಕಿಂತ ಹೆಚ್ಚು ಬಾಗಿ, ಮಾದರಿಯು ಒಂದೇ ಕಡೆಗೆ ವಾಲೀತು. ಎರಡನ್ನೂ ಒಂದೇ ಪಟ್ಟಿಯಿಂದ ಪಡೆಯುವುದು ಮೇಲು. ಬುಡದಲ್ಲಿ 20, ತುದಿಯಲ್ಲಿ 8 ಮಿಲಿಮೀಟರ್ ಅಗಲ ಬೇಕೆನ್ನೋಣ. 28 ಮಿಲಿಮೀಟರ್ ಅಗಲದ ಪಟ್ಟಿಯಲ್ಲಿ, ಒಂದೇ ಅಂಚಿನಿಂದ ಒಂದು ಕೊನೆಗೆ 20, ಇನ್ನೊಂದು ಕೊನೆಗೆ 8 ಅಳೆದು ಓರೆಯಾಗಿ ಕೊಯ್ದರೆ ಸರಿಸಮನಾದ ಎರಡು ತೊಲೆಗಳಾಗುತ್ತವೆ.

ಕಷ್ಟವಿರುವುದು ಈ ಕೊಯ್ತದಲ್ಲಿಯೇ. ಅಲಗು ಗೆರೆಯನ್ನು ಬಿಟ್ಟು ಮರದ ಎಳೆಯನ್ನು ಹಿಡಿಯಲು ಹವಣಿಸುತ್ತದೆ. ಎಳೆಯು ಅಲಗನ್ನು ಯಾವ ಕಡೆಗೆ ಒಯ್ಯುವುದೋ ಆ ಕಡೆಗೇ ಉಕ್ಕಿನ ಅಳತೆಪಟ್ಟಿಯನ್ನಿಡಬೇಕು. ಆಗ ಎಳೆಯೇ ಅಲಗನ್ನು ಪಟ್ಟಿಗೆ ಒತ್ತಿ ಹಿಡಿಯುತ್ತದೆ. ಒಂದೇ ಏಟಿಗೆ ಕೊಯ್ಯದೆ, ಹಗುರಾಗಿ ನಾಲ್ಕಾರು ಸಲ ಎಳೆಯುವುದು ಲೇಸು. ಅನಂತರ ಬುಡಕ್ಕೆ ಬುಡ ಸೇರಿಸಿ, ಎರಡನ್ನೂ ಒಟ್ಟಾಗಿ ಗುಂಡುಸೂಜಿಗಳಿಂದ ಬಂಧಿಸಿ, ಮರಳುಕಾಗದ ಸುತ್ತಿದ ನೇರವಾದ ಮರದ ತುಂಡಿನಿಂದ ಉಜ್ಜಬೇಕು.

ತೂಕ ಸಮನಾಯಿತೆಂದು ತೃಪ್ತಿಪಡಲಾಗದು. ಪಟ್ಟಿಯ ಒಂದು ಕೊನೆಯ ಮರ ಒಂದು ತೊಲೆಗೆ ಬುಡವಾದರೆ ಇನ್ನೊಂದಕ್ಕೆ ತುದಿಯಾಗಿರುತ್ತದೆ. ಬುಡವನ್ನು ಮೇಜಿಗೆ ಬಿಗಿದು, ತುದಿಗೆ ಒಂದೇ ನಾಣ್ಯವನ್ನು ತೂಗಹಾಕಿ ಎರಡರ ಬಾಗನ್ನೂ ಅಳೆಯಿರಿ. ಕಡಿಮೆ ಬಾಗಿದುದನ್ನು ಇನ್ನಷ್ಟು ಉಜ್ಜಿದರೆ ಸಾಕು.